ಕಾವು ಇದ್ರೂ ಮರಿ ಸಾಯ್ತಿದೆ ಅಂದ್ರೆ ಗಾಳಿ ಕಡೆ ನೋಡಿ

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರ. ಸ್ವರ್ಣಧಾರ ತಳಿಯ ಕೋಳಿಮರಿ 300 ತಂದು ಇವತ್ತಿಗೆ 8 ದಿನ. 10×15 ಅಡಿ ರೂಮು, ಮೇಲೆ ಜಿಂಕ್ ಶೀಟು, ಮೂರು ಕಡೆ ಮೋಟುಗೋಡೆ ಮೇಲೆ ಜಾಲರಿ. ಮಳೆ ಚಳಿ ಎರಡೂ ಇದೆ ಅಂತ ಸೂರಿನಿಂದ ನೆಲದವರೆಗೆ ಟಾರ್ಪಾಲ್ ಇಳಿಬಿಟ್ಟು ಸಂದಿಲ್ಲದ ಹಾಗೆ ಕಟ್ಟಿದೀನಿ. 100 ವ್ಯಾಟಿನ ಬಲ್ಬು 4 ಇದೆ, ರಾತ್ರಿ ಕರೆಂಟ್ ಹೋದಾಗ ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಕೆಂಡ ಇಡ್ತೀನಿ. ಗೋಡೆ ಮೇಲಿನ ಥರ್ಮಾಮೀಟರ್ 95 ತೋರಿಸತ್ತೆ. ಆದ್ರೂ ದಿನಾ ಬೆಳಿಗ್ಗೆ ನಾಲ್ಕೈದು ಸತ್ತಿರ್ತವೆ, ಉಳಿದವು ಮೂಲೆಯಲ್ಲಿ ಗುಂಪು ಕಟ್ಕೊಂಡಿರ್ತವೆ, ಕೆಲವಕ್ಕೆ ಕಣ್ಣು ಮುಚ್ಕೊಂಡು ನೀರು ಸುರೀತಿದೆ, ಸೀನ್ತಾ ಇವೆ. ಇನ್ನೂ ಕಾವು ಜಾಸ್ತಿ ಮಾಡ್ಬೇಕಾ?

ಉತ್ತರ: ಬೇರೆ ಏನೇ ಮಾಡೋಕೆ ಮುಂಚೆ ಆ ಕೆಂಡದ ಅಗ್ಗಿಷ್ಟಿಕೆ ಹೊರಗೆ ತೆಗೀರಿ, ಇವತ್ತು ರಾತ್ರಿಯಿಂದಲೇ. ಇದ್ದಿಲು ಕೆಂಪಗೆ ಕಾದು ಹೊಗೆ ನಿಂತ ಮೇಲೆ ಅದು ಸೇಫ್ ಅಂತ ನಮ್ಮ ಕಡೆ ಬಹಳ ಜನ ನಂಬಿದಾರೆ, ಆದ್ರೆ ಹೊಗೆ ಕಾಣದೇ ಇರೋ ಹೊತ್ತಲ್ಲೇ ಅದ್ರಿಂದ ಕಾರ್ಬನ್ ಮೊನಾಕ್ಸೈಡ್ ಧಾರಾಳವಾಗಿ ಬರ್ತಾ ಇರತ್ತೆ, ಅದಕ್ಕೆ ಬಣ್ಣ ಇಲ್ಲ ವಾಸನೆ ಇಲ್ಲ, ರಕ್ತದಲ್ಲಿ ಆಮ್ಲಜನಕ ಹಿಡಿಯೋ ಜಾಗಕ್ಕೆ ಇದೇ ಹೋಗಿ ಕೂತುಬಿಡತ್ತೆ. ಮರಿ ಒದ್ದಾಡಲ್ಲ, ತೂಕಡಿಸಿ ಹಾಗೇ ಮಲಗತ್ತೆ, ಬೆಳಿಗ್ಗೆ ಎತ್ತಿದ್ರೆ ಸೆಟೆದಿರತ್ತೆ. ಸತ್ತ ಮರಿ ಕೊಯ್ದು ನೋಡಿದಾಗ ರಕ್ತ, ಶ್ವಾಸಕೋಶ ಹೊಳೆಯೋ ಗುಲಾಬಿ ಕೆಂಪಾಗಿ ಕಂಡ್ರೆ ಇದರ ಮೇಲೇ ಅನುಮಾನ ಪಡ್ಬೇಕು. ಮರಿ ಮಾತು ಬಿಡಿ, ರಾತ್ರಿ ಕಾವಲಿಗೆ ಅಂತ ನೀವೋ ಮನೆ ಹುಡುಗರೋ ಆ ಟಾರ್ಪಾಲ್ ಒಳಗೆ ಮಲಗೋ ಅಭ್ಯಾಸ ಇದ್ರೆ ದಯವಿಟ್ಟು ಈಗಲೇ ನಿಲ್ಲಿಸಿ. ಮುಚ್ಚಿದ ರೂಮಲ್ಲಿ ಕೆಂಡ ಇಟ್ಕೊಂಡು ಮಲಗಿ ಮನುಷ್ಯರೇ ಹೋಗಿರೋ ಸುದ್ದಿ ಪ್ರತಿ ಚಳಿಗಾಲ ಓದ್ತೀವಲ್ಲ, ಅದೇ ಗ್ಯಾಸು ಇದು.

ಇನ್ನು ನಿಮ್ಮ ಪ್ರಶ್ನೆ, ಕಾವು ಜಾಸ್ತಿ ಮಾಡ್ಬೇಕಾ ಅಂತ. ನಿಮ್ಮ ರೂಮಲ್ಲಿ ಕಾವು ಇದೆ, ಆದ್ರೆ ಅದು ಇರ್ಬೇಕಾದ ಜಾಗದಲ್ಲಿ ಇಲ್ಲ. ಥರ್ಮಾಮೀಟರ್ ಗೋಡೆ ಮೇಲೆ ನಿಮ್ಮ ಕಣ್ಣಿನ ಎತ್ತರಕ್ಕೆ ತಗಲಾಕಿದೀರ ಅಂತ ಕಾಣತ್ತೆ, ಬಿಸಿ ಗಾಳಿ ಮೇಲಕ್ಕೇರಿ ಶೀಟಿನ ಕೆಳಗೆ ನಿಲ್ಲತ್ತೆ, ಹಾಗಾಗಿ ಅಲ್ಲಿ 95 ಇರೋದು ನಿಜ, ಕೆಳಗೆ ಮರಿ ಬೆನ್ನಿನ ಮಟ್ಟದಲ್ಲಿ ಅದೇ ಹೊತ್ತಲ್ಲಿ 75ರಿಂದ 80 ಇದ್ರೂ ಆಶ್ಚರ್ಯ ಇಲ್ಲ, ನೆಲಕ್ಕೆ ಹಾಸಿರೋ ಹೊಟ್ಟು ಒದ್ದೆ ಇದ್ರಂತೂ ಇನ್ನೂ ಕಮ್ಮಿ. ಥರ್ಮಾಮೀಟರ್ ಇಡ್ಬೇಕಾದ್ದು ಬಲ್ಬಿನ ಮೇಲಿರೋ ತಗಡಿನ ಮುಚ್ಚಳದ ಅಂಚಿನ ಕೆಳಗೆ, ಹೊಟ್ಟಿಗಿಂತ ಎರಡು ಇಂಚು ಮೇಲೆ. ಅಲ್ಲಿ ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 35 ಸೆಲ್ಸಿಯಸ್, ಆಮೇಲೆ ವಾರಕ್ಕೆ 5 ಡಿಗ್ರಿ ಫ್ಯಾರನ್‌ಹೀಟ್ ಹಾಗೆ ಇಳಿಸ್ತಾ ಹೋಗೋದು. ನಿಮ್ಮದು ಎರಡನೇ ವಾರಕ್ಕೆ ಬಿದ್ದಿದೆ, 90 ಸಾಕು.

ಕಾವು ಯಾಕೆ ಅಷ್ಟು ಮುಖ್ಯ ಅಂದ್ರೆ, ಮೊಟ್ಟೆಯಿಂದ ಬಂದ ಮರಿಗೆ ಮೈಮೇಲೆ ಇರೋದು ಬರೀ ನವಿರು, ಗರಿ ಇಲ್ಲ, ತನ್ನ ಮೈ ಬಿಸಿ ತಾನೇ ಕಾಯ್ಕೊಳ್ಳೋ ಶಕ್ತಿ ಪೂರ್ತಿ ಬರೋಕೆ ಹತ್ತಿರ ಹತ್ತಿರ ಎರಡು ವಾರ ಬೇಕು. ಹೊಟ್ಟೆಯೊಳಗೆ ಉಳಿದಿರೋ ಭಂಡಾರ (ಮೊಟ್ಟೆಯ ಹಳದಿ) ಮೊದಲ ನಾಲ್ಕೈದು ದಿನದಲ್ಲಿ ಕರಗಿ ಮೈಗೆ ಸೇರ್ಬೇಕು, ಚಳಿ ತಿಂದ ಮರಿಯಲ್ಲಿ ಅದು ಕರಗಲ್ಲ, ಕೊಳೆಯತ್ತೆ. ನಾಲ್ಕನೇ ಐದನೇ ದಿನ ಹೊಟ್ಟೆ ದಪ್ಪಗಾಗಿ ಹೊಕ್ಕುಳ ಕಪ್ಪಾಗಿ ಸಾಯೋ ಮರಿಗಳಲ್ಲಿ ಬಹಳಷ್ಟು ಮೊದಲ ರಾತ್ರಿ ಚಳಿ ತಿಂದವೇ ಆಗಿರ್ತವೆ. ಅಂದ್ರೆ ಇವತ್ತಿನ ಸಾವಿಗೆ ಕಾರಣ ಇವತ್ತಿನ ರಾತ್ರೀನೇ ಆಗಿರ್ಬೇಕು ಅಂತಿಲ್ಲ.

ಆದ್ರೆ ಹೇಂಟೆ ಏನು ಮಾಡತ್ತೆ ನೋಡಿ. ರೆಕ್ಕೆ ಕೆಳಗೆ ಕಾವು ಕೊಡತ್ತೆ, ಕೊಟ್ಟಿಗೆ ಪೂರ್ತಿ ಬಿಸಿ ಮಾಡಲ್ಲ. ಮರಿ ಚಳಿ ಆದಾಗ ಒಳಗೆ ನುಗ್ಗತ್ತೆ, ಸೆಖೆ ಆದಾಗ ಹೊರಗೆ ಬಂದು ತಿಂದು ಕುಡಿದು ಮತ್ತೆ ಒಳಗೆ ಹೋಗತ್ತೆ, ಉಸಿರಾಡೋದು ಮಾತ್ರ ಸದಾ ಹೊರಗಿನ ಒಳ್ಳೇ ಗಾಳಿ. ಮರಿಗೆ ಕಾವು ಕೊಡೋ ಬ್ರೂಡರ್ ಅಂದ್ರೆ ಇಷ್ಟೇ: ಒಂದು ಬಿಸಿ ಜಾಗ, ಅದರ ಸುತ್ತ ತಣ್ಣಗಿರೋ ಜಾಗ, ಎರಡರ ಮಧ್ಯೆ ಮರಿಗೆ ಓಡಾಡೋ ಸ್ವಾತಂತ್ರ್ಯ. ನೀವು ಇಡೀ ರೂಮಿಗೇ ಕಾವು ಕೊಡೋಕೆ ಹೋಗಿದೀರ, ಅದಕ್ಕೆ ಟಾರ್ಪಾಲ್ ಕಟ್ಟಿದೀರ, ಟಾರ್ಪಾಲ್ ಕಟ್ಟಿದ್ದಕ್ಕೆ ತೇವ ನಿಂತಿದೆ, ತೇವ ನಿಂತಿದ್ದಕ್ಕೆ ಹೊಟ್ಟು ಒದ್ದೆಯಾಗಿ ಅಮೋನಿಯಾ ಎದ್ದಿದೆ, ಒದ್ದೆ ಹೊಟ್ಟಿನ ಮೇಲೆ ನಿಂತ ಮರಿಗೆ ಚಳಿ ಹತ್ತಿದೆ, ಚಳಿ ಅಂತ ಮತ್ತೆ ಸಂದು ಮುಚ್ಚಿದೀರ.

ಕಣ್ಣು ಮುಚ್ಚಿ ನೀರು ಸುರಿಯೋದಕ್ಕೆ ಮೊದಲು ಅನುಮಾನ ಪಡೋದು ಈ ಅಮೋನಿಯಾನೇ. ಹಿಕ್ಕೆ ಮತ್ತು ತೇವ ಸೇರಿದ ಕಡೆ ಬ್ಯಾಕ್ಟೀರಿಯಾ ಅದನ್ನ ಕೊಳೆಸಿದಾಗ ಅಮೋನಿಯಾ ಬರತ್ತೆ, ಹೊಟ್ಟಿನಿಂದಲೇ ಏಳೋದ್ರಿಂದ ಅದರ ಪೂರ್ತಿ ಏಟು ಬೀಳೋದು ನೆಲದಿಂದ ಮೂರು ಇಂಚು ಮೇಲೆ ಇರೋ ಮರಿ ಕಣ್ಣಿಗೆ ಮೂಗಿಗೆ, ಐದಡಿ ಮೇಲಿರೋ ನಮ್ಮ ಮೂಗಿಗೆ ಕಮ್ಮಿ. ಮರಿ ಮಟ್ಟದಲ್ಲಿ 10 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಲ್ಲಿ ಹತ್ತು ಪಾಲು) ಒಳಗಿದ್ರೆ ಒಳ್ಳೇದು, 20-25 ದಾಟಿದ್ರೆ ಶ್ವಾಸನಾಳದ ಒಳಗೆ ಧೂಳು ರೋಗಾಣು ಹೊರಗೆ ತಳ್ಳೋ ಸಣ್ಣ ರೋಮಗಳು ಸೋತು ಹೋಗ್ತವೆ, ಆಮೇಲೆ ಇ.ಕೋಲಿ ಬ್ಯಾಕ್ಟೀರಿಯಾ, ಸಿಆರ್‌ಡಿ (ಕೋಳಿಗಳ ದೀರ್ಘಕಾಲದ ಉಸಿರಾಟದ ರೋಗ) ಎಲ್ಲಾ ಸಲೀಸಾಗಿ ಒಳಗೆ ಇಳಿಯತ್ತೆ. ದಿನಾ ಅದೇ ಶೆಡ್ಡಲ್ಲಿ ಇರೋರ ಮೂಗು ವಾಸನೆಗೆ ಒಗ್ಗಿ ಹೋಗಿರತ್ತೆ, ಅದಕ್ಕೇ ನಿಮ್ಮ ಮೂಗನ್ನ ನಂಬಬೇಡಿ. ಹೊರಗೆ ಹತ್ತು ನಿಮಿಷ ಇದ್ದು ಸೀದಾ ಒಳಗೆ ಬಂದು ಮಂಡಿ ಊರಿ ಮುಖ ಹೊಟ್ಟಿನ ಹತ್ತಿರಕ್ಕೆ ತಂದು ಒಂದು ನಿಮಿಷ ಉಸಿರಾಡಿ. ಕಣ್ಣು ಚುರ್ ಅಂದ್ರೆ ಆ ಮರಿಗಳು ದಿನದ 24 ಗಂಟೆ ಅದರಲ್ಲೇ ಇವೆ ಅಂತ ಅರ್ಥ.

ತೇವ ಎಲ್ಲಿಂದ ಬಂತು ಅಂತ ಕೇಳ್ಬಹುದು, ಮಳೆ ನೀರು ಒಳಗೆ ಬಂದಿಲ್ವಲ್ಲ ಅಂತ. 300 ಮರಿ ಒಂದು ವಾರದ ವಯಸ್ಸಿಗೆ ದಿನಕ್ಕೆ ಹೆಚ್ಚು ಕಡಿಮೆ ಏಳೆಂಟು ಲೀಟರ್ ನೀರು ಕುಡೀತವೆ, ತಿನ್ನೋ ಫೀಡಿನ ತೂಕಕ್ಕಿಂತ ಎರಡರಷ್ಟು, ಅದರಲ್ಲಿ ಬಹುಪಾಲು ಉಸಿರಲ್ಲಿ ಹಿಕ್ಕೇಲಿ ವಾಪಸ್ ರೂಮಿಗೇ ಬರತ್ತೆ. ದಿನಾ ಅಷ್ಟು ನೀರು ಆ ರೂಮಿಂದ ಆಚೆ ಹೋಗ್ಲೇಬೇಕು, ಹೋಗೋಕೆ ಗಾಳಿ ಬಿಟ್ರೆ ಬೇರೆ ದಾರಿ ಇಲ್ಲ. ಬೆಳಗಿನ ಜಾವ ಎದ್ದು ಟಾರ್ಚ್ ಬಿಟ್ಟು ಜಿಂಕ್ ಶೀಟಿನ ಒಳಮೈ ನೋಡಿ, ಸಾಲಾಗಿ ಹನಿ ಕಟ್ಟಿ ಮೊಳೆ ಇರೋ ಕಡೆ ತೊಟ್ಟಿಕ್ತಾ ಇರತ್ತೆ, ಅದರ ಕೆಳಗಿನ ಹೊಟ್ಟು ಹೆಪ್ಪುಗಟ್ಟಿ ಕಪ್ಪಾಗಿರತ್ತೆ. ನಮ್ಮ ಮಲೆನಾಡಿನ ಹಳೇ ಹೆಂಚಿನ ಕೊಟ್ಟಿಗೇಲಿ ಈ ತೊಂದ್ರೆ ಅಷ್ಟಾಗಿ ಇರ್ಲಿಲ್ಲ, ಹೆಂಚಿನ ಸಂದಿಯಲ್ಲೇ ಹಬೆ ಆಚೆ ಹೋಗಿಬಿಡೋದು. ಶೀಟ್ ಬಂದ ಮೇಲೆ ಆ ದಾರಿ ಮುಚ್ಚಿಹೋಯ್ತು.

ಈಗ ಟಾರ್ಪಾಲ್ ವಿಷ್ಯ, ನಾನು ತುಂಬಾ ಒತ್ತಿ ಹೇಳ್ಬೇಕಾದ್ದು ಇದೇ. ನೀವು ಕಟ್ಟಿರೋ ಹಾಗೆ ಸೂರಿಗೆ ಕಟ್ಟಿ ಕೆಳಕ್ಕೆ ಇಳಿಬಿಟ್ಟ ಪರದೇಲಿ ಒಂದು ದೊಡ್ಡ ದೋಷ ಇದೆ, ಗಾಳಿಗೆ ಅಂತ ಎತ್ತಿದ್ರೆ ಕೆಳಗಿಂದ ಎತ್ಬೇಕು, ಆಗ ತಣ್ಣನೆ ಗಾಳಿ ಸೀದಾ ಮರಿ ಮೈಮೇಲೆ ಬೀಸತ್ತೆ, ಮರಿ ಗುಂಪು ಕಟ್ಟತ್ತೆ, ನೋಡಿದೋರು ಅಯ್ಯೋ ಗಾಳಿ ಬಿಟ್ರೆ ಆಗಲ್ಲ ಅಂತ ಮತ್ತೆ ಬಿಗೀತಾರೆ. ಇದನ್ನ ತಿರುಗಿಸಿ ಕಟ್ಟಿ. ಟಾರ್ಪಾಲಿನ ಕೆಳ ಅಂಚನ್ನ ಮೋಟುಗೋಡೆಗೆ ರೀಪು ಹೊಡೆದು ಭದ್ರ ಮಾಡಿ, ಮೇಲಿನ ಅಂಚಿಗೆ ಒಂದು ಪೈಪು ಅಥವಾ ಬಿದಿರು ಸೇರಿಸಿ ಹಗ್ಗ ಕಟ್ಟಿ, ಎಳೆದ್ರೆ ಮೇಲಕ್ಕೆ ಹೋಗ್ಬೇಕು ಬಿಟ್ರೆ ಮೇಲಿಂದ ಕೆಳಕ್ಕೆ ತೆರೀಬೇಕು. ಹಗಲು ರಾತ್ರಿ ಎರಡೂ ಹೊತ್ತು ಸೂರಿನ ಕೆಳಗೆ ಸಂದು ಇರ್ಲೇಬೇಕು, ಮಳೆ ಹೊಡೆಯೋ ಕಡೆ ನಾಲ್ಕು ಬೆರಳು, ಮರೆ ಇರೋ ಕಡೆ ಒಂದಡಿ, ಹೊಳವಾದಾಗ ಇನ್ನೂ ಜಾಸ್ತಿ. ಹೊರಗಿನ ತಣ್ಣನೆ ಗಾಳಿ ಮೇಲಿಂದ ಬಂದು ಶೀಟಿನ ಕೆಳಗಿನ ಬಿಸಿ ಗಾಳಿ ಜೊತೆ ಬೆರೆತು ನಿಧಾನಕ್ಕೆ ಇಳಿಯತ್ತೆ, ಮರಿಗೆ ತಾಕೋ ಹೊತ್ತಿಗೆ ಅದು ತಣ್ಣಗೆ ಇರಲ್ಲ, ಬೀಸೋದೂ ಇಲ್ಲ. ಮುಂಗಾರಿನ ಜೋರು ಗಾಳಿ ಬರೋ ದಿಕ್ಕಿಗೆ ಹೊರಗಡೆ ಒಂದು ಶೇಡ್ ನೆಟ್ ಎಳೆದು ಕಟ್ಟಿ, ಗಾಳಿಯ ರಭಸ ಮುರಿಯತ್ತೆ, ಎರಚಲು ಬರಲ್ಲ.

ಗಾಳಿ ಎಷ್ಟು ಬೇಕು ಅಂತ ಲೆಕ್ಕ ಹಾಕಿದ್ರೆ ಧೈರ್ಯ ಬರತ್ತೆ. ಮೊದಲ ವಾರ ಒಂದು ಮರಿಗೆ ನಿಮಿಷಕ್ಕೆ ಸುಮಾರು 0.1 ಘನ ಅಡಿ ಹೊಸ ಗಾಳಿ ಸಾಕು, 300 ಮರಿಗೆ 30 ಘನ ಅಡಿ. ನಿಮ್ಮ ರೂಮು 9 ಅಡಿ ಎತ್ತರ ಅಂತ ಇಟ್ಕೊಂಡ್ರೆ ಒಳಗಿರೋ ಗಾಳಿ 1350 ಘನ ಅಡಿ, ಅಂದ್ರೆ ಮುಕ್ಕಾಲು ಗಂಟೆಗೊಮ್ಮೆ ರೂಮಿನ ಗಾಳಿ ಪೂರ್ತಿ ಬದಲಾದ್ರೆ ಆಯ್ತು. ಎರಡನೇ ವಾರಕ್ಕೆ ಇದರ ಎರಡೂವರೆ ಪಟ್ಟು. ಇಷ್ಟಕ್ಕೆ ಫ್ಯಾನೂ ಬೇಡ, ಎದುರು ಬದುರು ಮೇಲಿನ ಸಂದು ಸಾಕು. ಟೇಬಲ್ ಫ್ಯಾನ್ ತಂದು ಮರಿ ಕಡೆ ತಿರುಗಿಸಿ ಇಡೋದಂತೂ ಬೇಡವೇ ಬೇಡ.

ಮಳೆಗಾಲದಲ್ಲಿ ಹೊರಗಿನ ಗಾಳೀನೇ ಒದ್ದೆ, ಅದನ್ನ ಒಳಗೆ ಬಿಟ್ರೆ ಹೊಟ್ಟು ಇನ್ನೂ ಒದ್ದೆ ಆಗಲ್ವಾ ಅಂತ ಎಲ್ರೂ ಕೇಳ್ತಾರೆ. ಆಗಲ್ಲ. ಗಾಳಿಯ ಬಿಸಿ 10-11 ಡಿಗ್ರಿ ಸೆಲ್ಸಿಯಸ್ ಏರಿದ್ರೆ ಅದಕ್ಕೆ ನೀರು ಹಿಡಿಯೋ ಶಕ್ತಿ ಹೆಚ್ಚು ಕಡಿಮೆ ಎರಡರಷ್ಟಾಗತ್ತೆ, ಹಾಗಾಗಿ ಹೊರಗೆ 20 ಡಿಗ್ರಿಯಲ್ಲಿ ನೂರಕ್ಕೆ ನೂರು ತೇವ ಇದ್ದ ಗಾಳಿ ಒಳಗೆ ಬಂದು 30ಕ್ಕೆ ಕಾದ್ರೆ ಅದರ ತೇವಾಂಶ ಶೇಕಡಾ 50-55ಕ್ಕೆ ಇಳಿದಿರತ್ತೆ, ಹೊಟ್ಟಿನ ನೀರು ಹೀರ್ಕೊಂಡು ಆಚೆ ಹೋಗೋಕೆ ಅದು ರೆಡಿ ಇರತ್ತೆ. ಜಡಿಮಳೇಲೂ ಸಂದು ತೆರೆದಿಡಿ ಅನ್ನೋದು ಇದಕ್ಕೇ, ಕಾವು ಮತ್ತು ಗಾಳಿ ಎರಡೂ ಒಟ್ಟಿಗೆ ಕೊಟ್ಟಾಗಲೇ ಹೊಟ್ಟು ಒಣಗೋದು.

ಗಾಳಿ ಸರಿ ಹೋಗ್ತಿದೆಯಾ ಅಂತ ನೋಡೋಕೆ ಮನೇಲಿರೋ ಊದುಬತ್ತಿ ಸಾಕು. ಹಚ್ಚಿ ಮರಿ ಎತ್ತರಕ್ಕೆ ಹಿಡೀರಿ, ಹೊಗೆ ನೆಟ್ಟಗೆ ಮೇಲಕ್ಕೆ ಏಳ್ಬೇಕು, ಮಲಗಿದ ಹಾಗೆ ಒಂದು ಕಡೆಗೆ ಓಡಿದ್ರೆ ಆ ದಿಕ್ಕಿಂದ ಕೆಳಗಡೆ ಗಾಳಿ ನುಗ್ತಿದೆ, ಬಾಗಿಲ ಕೆಳಗಿನ ಸಂದೋ ಮೋರಿ ತೂತೋ ಹುಡುಕಿ ಮುಚ್ಚಿ. ಆಮೇಲೆ ಸ್ಟೂಲ್ ಹತ್ತಿ ಪರದೆ ಮೇಲಿನ ಸಂದಿನ ಹತ್ತಿರ ಹಿಡೀರಿ, ಒಂದು ಬದಿಯಲ್ಲಾದ್ರೂ ಹೊಗೆ ಹೊರಗೆ ಎಳೀಬೇಕು.

ಇನ್ನು ಕಾವಿನ ಕಡೆ ಬರೋಣ. ಚಳಿ ಇರೋ ಕಡೆ ಮರಿಗೆ 2 ವ್ಯಾಟ್ ಅಂತ ಲೆಕ್ಕ, 300ಕ್ಕೆ 600 ವ್ಯಾಟ್, ನಿಮ್ಮದು 400 ಇದೆ, ಅದೂ ತಗಡಿನ ಮುಚ್ಚಳ ಇಲ್ದೇ ಮೇಲಿಂದ ನೇತಾಡ್ತಿದ್ರೆ ಅರ್ಧ ಕಾವು ಸೂರಿಗೇ ಹೋಗತ್ತೆ. 7 ಅಡಿ ಅಗಲದ ಎರಡು ವೃತ್ತ ಮಾಡಿ ಒಂದೊಂದ್ರಲ್ಲಿ 150 ಮರಿ ಬಿಟ್ಟು ಒಂದೊಂದಕ್ಕೆ ಮೂರು ಬಲ್ಬಿನ ತಗಡಿನ ಹೋವರ್ (ಕಾವು ಕೆಳಗೇ ತಿರುಗಿಸೋ ಮುಚ್ಚಳ) ಇಡ್ಬೇಕಿತ್ತು, ಒಂದು ಬಲ್ಬ್ ರಾತ್ರಿ ಸುಟ್ಟುಹೋದ್ರೂ ಉಳಿದ ಎರಡು ಮರಿ ಉಳಿಸ್ತವೆ. ಸುತ್ತ ಒಂದೂವರೆ ಅಡಿ ಎತ್ತರದ ಚಿಕ್ ಗಾರ್ಡ್ (ಮರಿ ಆಚೆ ಹೋಗದ ಹಾಗೆ ತಡೆಯೋ ಬೇಲಿ), ತಗಡೋ ರಟ್ಟೋ ಯಾವುದಾದ್ರೂ ಸರಿ, ದುಂಡಗಿರ್ಬೇಕು, ಯಾಕಂದ್ರೆ ಮೂಲೆ ಇದ್ರೆ ಮರಿ ಅಲ್ಲೇ ಒಂದರ ಮೇಲೊಂದು ಬಿದ್ದು ಕೆಳಗಿನವು ಉಸಿರು ಕಟ್ಟಿ ಸಾಯ್ತವೆ, ನಿಮ್ಮಲ್ಲಿ ಮೂಲೆಯಲ್ಲಿ ಸಿಗ್ತಿರೋ ಸಾವಲ್ಲಿ ಇದೂ ಸೇರಿರತ್ತೆ. ಎಂಟು ದಿನ ಆಗಿರೋದ್ರಿಂದ ಗಾರ್ಡ್ ಒಳಗೆ ಇಕ್ಕಟ್ಟು ಮಾಡ್ಬೇಡಿ, ಪೂರ್ತಿ ಜಾಗ ಬಿಡಿ, ನಾಲ್ಕು ಮೂಲೆಗೆ ಮಾತ್ರ ರಟ್ಟು ಬಾಗಿಸಿ ನಿಲ್ಲಿಸಿ ದುಂಡಗೆ ಮಾಡಿ.

ಬಲ್ಬ್ ತರುವಾಗ ಒಂದು ಎಚ್ಚರ, ಅಂಗಡೀಲಿ ಈಗ ಹಳೇ ತಂತಿ ಬಲ್ಬ್ ಕೇಳಿದ್ರೂ ಎಲ್‌ಇಡಿ ಕೊಟ್ಟು ಕಳಿಸ್ತಾರೆ, ಎಲ್‌ಇಡಿಯಿಂದ ಬೆಳಕು ಬರತ್ತೆ, ಕಾವು ಬರಲ್ಲ. ತಂತಿ ಬಲ್ಬ್ ಸಿಗ್ಲಿಲ್ಲ ಅಂದ್ರೆ 250 ವ್ಯಾಟಿನ ಇನ್‌ಫ್ರಾರೆಡ್ ಬಲ್ಬ್ ತಗೊಳ್ಳಿ, ನಿಮ್ಮ ಹವೆಗೆ ಒಂದಕ್ಕೆ 75-100 ಮರಿ ಅಂತ ಇಟ್ಕೊಂಡು ಮೂರು ಹಾಕಿ, ಹೊಟ್ಟಿನಿಂದ 18ರಿಂದ 24 ಇಂಚು ಮೇಲೆ. ಇದು ಗಾಳಿಗಿಂತ ಹೆಚ್ಚಾಗಿ ಕೆಳಗಿರೋ ಮರಿಯನ್ನ, ಹೊಟ್ಟನ್ನ ಬಿಸಿ ಮಾಡತ್ತೆ, ಹಾಗಾಗಿ ಮೇಲಿನ ಸಂದು ತೆರೆದಿದ್ರೂ ಕಾವು ಪೋಲಾಗಲ್ಲ, ಮಲೆನಾಡಿಗೆ ನನ್ನ ಮೊದಲ ಆಯ್ಕೆ ಇದೇ. ವೈರಿಗೇ ನೇತಾಕಬೇಡಿ, ಚೈನ್ ಹಾಕಿ ಕಟ್ಟಿ, ಹೋಲ್ಡರ್ ಪಿಂಗಾಣಿದು ಇರ್ಲಿ, ಬಲ್ಬ್ ಹೊಟ್ಟಿನ ಮೇಲೆ ಬಿದ್ರೆ ಬೆಂಕಿ ಹತ್ತೋಕೆ ಕೆಲವೇ ನಿಮಿಷ ಸಾಕು.

ಗ್ಯಾಸ್ ಬ್ರೂಡರ್ ಒಳ್ಳೇದೇ, ಕರೆಂಟಿನ ಹಂಗಿಲ್ಲ. ಆದ್ರೆ ಒಂದು ಕೆಜಿ ಎಲ್‌ಪಿಜಿ ಉರಿದ್ರೆ ಒಂದೂವರೆ ಲೀಟರಿಗೂ ಹೆಚ್ಚು ನೀರು ಹಬೆಯಾಗಿ, 3 ಕೆಜಿ ಇಂಗಾಲದ ಡೈಆಕ್ಸೈಡ್ ರೂಮಿಗೇ ಬರತ್ತೆ, ಮುಚ್ಚಿದ ಟಾರ್ಪಾಲ್ ಒಳಗೆ ಅದೂ ಬೇರೆ ಕಷ್ಟ. ಜ್ವಾಲೆ ನೀಲಿ ಇರ್ಬೇಕು, ಹಳದಿ ಆದ್ರೆ ಜೆಟ್ಟಲ್ಲಿ ಹೊಟ್ಟಿನ ಧೂಳು ಕೂತಿದೆ, ಮೊನಾಕ್ಸೈಡ್ ಶುರುವಾಗಿದೆ, ಆಫ್ ಮಾಡಿ ಕ್ಲೀನ್ ಮಾಡಿ. ಸೌದೆ ಧಾರಾಳ ಇರೋ ತೋಟದೋರು ಡ್ರಮ್ಮಿನ ಒಲೆ ಮಾಡಿಸ್ತಾರೆ, ಬೆಂಕಿ ಹಾಕೋ ಬಾಯಿ ರೂಮಿನ ಹೊರಗೆ, ಹೊಗೆ ಪೈಪು ಒಳಗೆ ಹಾದು ಮತ್ತೆ ಹೊರಗೆ, ಪೈಪಿನ ಜಾಯಿಂಟ್ ಎಲ್ಲೂ ಸೋರ್ಬಾರ್ದು, ಹಾಗಿದ್ರೆ ಅದು ಬಹಳ ಚೆನ್ನಾಗಿರತ್ತೆ.

ಕರೆಂಟ್ ಹೋದ ರಾತ್ರಿಗೆ ಕೆಂಡದ ಬದಲು ಏನು ಅಂದ್ರೆ, ನಿಮ್ಮ ಬಚ್ಚಲಲ್ಲಿ ಹಂಡೆ ಇದ್ದೇ ಇರತ್ತೆ. 20 ಲೀಟರಿನ ಸ್ಟೀಲ್ ಕ್ಯಾನಿಗೆ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿನೀರು ತುಂಬಿ ಮುಚ್ಚಳ ಬಿಗಿದು ಮೇಲೆ ಗೋಣಿ ಸುತ್ತಿ ಮರಿಗಳ ಮಧ್ಯೆ ಇಡಿ, ಅದು 40ಕ್ಕೆ ಇಳಿಯೋ ಹೊತ್ತಿಗೆ ಹತ್ತಿರ ಹತ್ತಿರ ಒಂದು ಯೂನಿಟ್ ಕರೆಂಟಿನಷ್ಟು ಕಾವು ಬಿಟ್ಟುಕೊಟ್ಟಿರತ್ತೆ. ಎರಡು ಕ್ಯಾನ್ ಇಟ್ಟು ಒಂದು ಬಿಟ್ಟು ಒಂದು ಬದಲಾಯಿಸ್ತಾ ಹೋದ್ರೆ ನಾಲ್ಕೈದು ಗಂಟೆ ಕರೆಂಟ್ ಇಲ್ದಿದ್ರೂ ದಾಟಬಹುದು, ಮರಿ ಅದಕ್ಕೆ ಒರಗಿ ಮಲಗ್ತವೆ. ಮೇಲೊಂದು ಹಳೇ ಕಂಬಳಿ ಚಪ್ಪರದ ಹಾಗೆ ಎಳೀರಿ, ಅಂಚು ನೆಲಕ್ಕೆ ತಾಕದ ಹಾಗೆ ಆರಿಂಚು ಮೇಲೇ ಇರ್ಲಿ.

ಇಷ್ಟೆಲ್ಲಾ ಆದ್ಮೇಲೆ ಕೊನೇ ಮಾತು ಮರಿಯದ್ದೇ, ಥರ್ಮಾಮೀಟರಿಗಿಂತ ಅದನ್ನೇ ನಂಬಿ. ಬಲ್ಬಿನ ಕೆಳಗೆ ಒತ್ತಾಗಿ ಸೇರಿ ಜೋರಾಗಿ ಚಿಂಯ್‌ಗುಟ್ಟಿದ್ರೆ ಚಳಿ, ಬಲ್ಬಿನಿಂದ ದೂರ ಓಡಿ ರೆಕ್ಕೆ ಇಳಿಬಿಟ್ಟು ಬಾಯಿ ತೆರೆದ್ರೆ ಸೆಖೆ, ಎಲ್ಲಾ ಒಂದೇ ಬದಿಗೆ ಸರಿದಿದ್ರೆ ಎದುರು ಬದಿಯಿಂದ ಗಾಳಿ ಹೊಡೀತಿದೆ. ಒಂದು ಮರಿ ಎತ್ಕೊಂಡು ಅದರ ಪಾದ ನಿಮ್ಮ ಕೆನ್ನೆಗೆ ತಾಗಿಸಿ, ತಣ್ಣಗಿದ್ರೆ ಹೊಟ್ಟು ತಣ್ಣಗಿದೆ. ನೋಡೋ ಹೊತ್ತು ಮುಖ್ಯ, ರಾತ್ರಿ ಒಂಬತ್ತಕ್ಕೆ ನೋಡಿ ಮಲಗಿದ್ರೆ ಸಾಲದು, ಚಳಿ ಜಾಸ್ತಿ ಬೆಳಗಿನ ಜಾವ ಮೂರರಿಂದ ಐದು, ಆ ಹೊತ್ತಲ್ಲಿ ಸದ್ದು ಮಾಡದೇ ಹೋಗಿ ಹೇಗೆ ಮಲಗಿವೆ ಅಂತ ನೋಡಿ.

ಈಗ ಇರೋ ಮರಿಗಳಿಗೆ: ಹೆಪ್ಪುಗಟ್ಟಿದ ಹೊಟ್ಟು ಕೆರೆದು ಹೊರಗೆ ಹಾಕಿ, ಕೆದಕಿ ಅಲ್ಲೇ ಬಿಡ್ಬೇಡಿ, ಕೆದಕಿದ್ರೆ ಒಮ್ಮೆಲೇ ಅಮೋನಿಯಾ ಏಳತ್ತೆ. ವಾಸನೆ ಹೋಗ್ಲಿ ಅಂತ ಸುಣ್ಣದ ಪುಡಿ ಎರಚೋ ಅಭ್ಯಾಸ ನಮ್ಮ ಕಡೆ ಇದೆ, ಮರಿ ಇರುವಾಗ ಅದು ಬೇಡ, ಸುಣ್ಣ ಬಿದ್ದ ಒದ್ದೆ ಹೊಟ್ಟಿನಿಂದ ಅಮೋನಿಯಾ ಇನ್ನೂ ಬೇಗ ಹೊರಗೆ ಬರತ್ತೆ, ಅದರ ಧೂಳು ಕಣ್ಣಿಗೆ ಬೇರೆ. ಒಣಗಿದ ಹೊಸ ಭತ್ತದ ಹೊಟ್ಟು ಮೂರಿಂಚು ಹಾಕಿ, ಬೂಷ್ಟು ವಾಸನೆ ಇರೋದನ್ನ ಮಾತ್ರ ಬಳಸ್ಲೇಬೇಡಿ, ಬೂಷ್ಟಿನ ಬೀಜಕಣ ಮರಿಯ ಶ್ವಾಸಕೋಶದಲ್ಲಿ ಬೆಳೆದು ಗಂಟಾಗತ್ತೆ, ಅದಕ್ಕೆ ಮದ್ದಿಲ್ಲ. ಒಂದು ಹಿಡಿ ಹೊಟ್ಟು ಹಿಂಡಿ ಕೈ ಬಿಟ್ರೆ ಸ್ವಲ್ಪ ಅಂಟಿ ಉದುರ್ಬೇಕು, ಉಂಡೆಯಾಗೇ ನಿಂತ್ರೆ ಒದ್ದೆ. ನೀರಿನ ಡ್ರಿಂಕರ್ ಕೆಳಗೆ ಇಟ್ಟಿಗೆ ಇಟ್ಟು ಅಂಚು ಮರಿ ಬೆನ್ನಿನ ಮಟ್ಟಕ್ಕೆ ತನ್ನಿ, ಚೆಲ್ಲೋದು ಅರ್ಧ ಕಮ್ಮಿ ಆಗತ್ತೆ.

ಸೀನು ಕಣ್ಣೀರಿಗೆ ಅಂಗಡಿಯವರು ಹೇಳಿದ ಆ್ಯಂಟಿಬಯೋಟಿಕ್ ಸುಮ್ಮನೆ ನೀರಿಗೆ ಹಾಕ್ಬೇಡಿ. ಆರೇಳು ದಿನಕ್ಕೆ ಲಸೋಟ (ಕೊಕ್ಕರೆ ರೋಗದ ಲಸಿಕೆ) ಹಾಕಿಸಿದ್ರೆ ಅದರಿಂದಲೂ ಮೂರ್ನಾಲ್ಕು ದಿನ ಸಣ್ಣ ಸೀನು ಬರೋದುಂಟು, ಅಮೋನಿಯಾ ಇದ್ರೆ ಅದೇ ದೊಡ್ಡದಾಗತ್ತೆ. ಗಾಳಿ ಸರಿ ಮಾಡಿ ಎರಡು ಮೂರು ದಿನದಲ್ಲಿ ಸಾವು ಇಳೀಬೇಕು. ಇಳೀಲಿಲ್ಲ ಅಂದ್ರೆ ಅವತ್ತೇ ಸತ್ತ ಎರಡು ಮೂರು ಮರಿಗಳನ್ನ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಐಸ್ ಜೊತೆ ಹಾಸನದ ವೆಟರ್ನರಿ ಕಾಲೇಜಿಗೆ ತಗೊಂಡು ಹೋಗಿ ಪೋಸ್ಟ್‌ಮಾರ್ಟಮ್ ಮಾಡಿಸಿ, ಫ್ರೀಜರಲ್ಲಿ ಗಟ್ಟಿ ಮಾಡ್ಬೇಡಿ, ಒಳಗಿನ ಅಂಗ ಕೆಟ್ಟು ಏನೂ ತಿಳಿಯಲ್ಲ. ಹೋಗುವಾಗ ಕೆಂಡ ಇಟ್ಟ ವಿಷ್ಯ, ಎಷ್ಟು ರಾತ್ರಿ ಇಟ್ರಿ ಅನ್ನೋದು ಮರೀದೇ ಹೇಳಿ, 14ನೇ ದಿನದ ಗಂಬೋರೊ (ಮರಿಗಳ ರೋಗನಿರೋಧಕ ಶಕ್ತಿ ಕುಗ್ಗಿಸೋ ವೈರಸ್ ರೋಗ) ಲಸಿಕೆ ಈ ಸ್ಥಿತೀಲಿ ಅದೇ ದಿನ ಕೊಡೋದಾ ಮುಂದೆ ಹಾಕೋದಾ ಅಂತಲೂ ಅಲ್ಲೇ ಕೇಳ್ಕೊಂಡು ಬನ್ನಿ.